ಗುಜರಿಯಿಂದ ಬಂದ ಗಾಳಿಯಂತ್ರ

ಸೂಪರ್‌ಚಾರ್ಜರ್ ಎಂದೊಡನೆ ನಮಗೆ ಸಿರಿವಂತರ ಓಟದ ಕಾರುಗಳೇ ನೆನಪಾಗುತ್ತವೆ. ಆದರೆ ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಫೋರ್ಡ್ ವಿ8 ಎಂಜಿನ್ನುಗಳನ್ನು ಬಿಚ್ಚಿ ಕಟ್ಟುತ್ತಿದ್ದ ಕಾಸಿಲ್ಲದ ತರುಣರು ಕಣ್ಣಿಟ್ಟದ್ದು ಲಾರಿ, ಬಸ್ಸುಗಳಿಂದ ಕಳಚಿದ ಬ್ಲೋವರಿನ ಮೇಲೆ.

ಇಂಡಿಯಾನಾದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಈ ಯಂತ್ರ ಮೊದಲು ಕುಲುಮೆಗಳಿಗೆ ಗಾಳಿಯೂದುತ್ತಿತ್ತು. 1938ರಲ್ಲಿ ಬಂದ ಜನರಲ್ ಮೋಟಾರ್ಸ್‌ನ ಟೂ-ಸ್ಟ್ರೋಕ್ ಡೀಸೆಲ್ ಎಂಜಿನ್ನುಗಳಲ್ಲಿ ಸುಟ್ಟ ಹೊಗೆಯನ್ನು ಹೊರದಬ್ಬಲು ಅದು ಅನಿವಾರ್ಯವಾಯಿತು. '6-71' ಎಂದರೆ ಆರು ಸಿಲಿಂಡರು, ಒಂದೊಂದು 71 ಘನ ಅಂಗುಲ. ಎಂಜಿನ್ನಿನ ಈ ಹೆಸರು ಕೊನೆಗೆ ಬ್ಲೋವರಿಗೇ ಅಂಟಿಕೊಂಡದ್ದು ಸ್ವಾರಸ್ಯ.

ಆಯ್ಕೆ ಸರಿಯಾಗಿತ್ತೆ? ರೂಟ್ಸ್ ಯಂತ್ರ ಗಾಳಿಯನ್ನು ತನ್ನೊಳಗೆ ಸಂಕುಚಿಸುವುದಿಲ್ಲ, ಬರಿದೆ ಮುಂದಕ್ಕೆ ತಳ್ಳುತ್ತದೆ. ಹಾಗಾಗಿ ಗಾಳಿ ವಿಪರೀತ ಕಾಯುತ್ತದೆ. ಈ ಲೆಕ್ಕದಲ್ಲಿ ಕೇಂದ್ರಾಪಗಾಮಿ ಬಗೆಯದೇ ಮೇಲು. ಆದರೆ ಅದರ ಒತ್ತಡ ಎಂಜಿನ್ನಿನ ವೇಗ ಏರಿದ ಬಳಿಕವಷ್ಟೇ ಕೈಗೂಡುತ್ತದೆ. ರೂಟ್ಸ್ ಕಡಿಮೆ ವೇಗದಲ್ಲೂ ಬಲ ಕೊಡುತ್ತಿತ್ತು. ಮುಖ್ಯವಾಗಿ, ಗುಜರಿಯಲ್ಲಿ ಸಿಗುತ್ತಿತ್ತು.

ನಮ್ಮ ದೃಷ್ಟಿಯಲ್ಲಿ ಅವರ ಜಾಣತನ ಕಂಡದ್ದು ಕೊಳ್ಳುವುದರಲ್ಲಲ್ಲ, ತಡೆದುಕೊಳ್ಳುವುದರಲ್ಲಿ. ಬಾರ್ನಿ ನವಾರೊ ತಮ್ಮ ಫೋರ್ಡಿಗೆ ಕೂರಿಸಿದ್ದು ಚಿಕ್ಕ 3-71 ಬ್ಲೋವರನ್ನು. ಒತ್ತಡ ಮಿತಿಮೀರಿದರೆ ಪಿಸ್ಟನ್ ಕರಗುತ್ತದೆ, ಹೆಡ್ ಗ್ಯಾಸ್ಕೆಟ್ ಹಾರುತ್ತದೆ. ಅಗ್ಗದ ಬ್ಲೋವರು ಇಡೀ ಎಂಜಿನ್ನನ್ನೇ ನುಂಗುತ್ತದೆ. ಇಂದು ಹಳೆಯ ಕಾರುಗಳಿಂದ ಕಳಚಿದ ಈಟನ್ ಎಂ90 ಕೊಳ್ಳುವವರ ಮುಂದಿರುವುದೂ ಇದೇ ಲೆಕ್ಕ: ಕಂಪ್ರೆಶನ್ ಎಷ್ಟು ತಗ್ಗಿಸಬೇಕು, ಪುಲ್ಲಿ ಎಷ್ಟು ದೊಡ್ಡದಿರಬೇಕು?