ಎತ್ತು ಹತ್ತಿದ ಘಾಟಿ, ಸೈಕಲ್ ಹತ್ತುವ ಘಾಟಿ

ಮೆಟ್ಟುಪಾಳ್ಯದಿಂದ ಊಟಿಗೆ ಹೊರಡುವ ನೀಲಿ ಬಣ್ಣದ ಪುಟ್ಟ ರೈಲು ಕಲ್ಲಾರ್ ದಾಟಿದ ಮೇಲೆ ಹಲ್ಲು ಕಚ್ಚಿಕೊಂಡು ಹತ್ತುತ್ತದೆ. ಮಾತಿನ ಚಂದಕ್ಕೆ ಹೇಳಿದ್ದಲ್ಲ. ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಸಿದ್ದಾರೆ, ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿ ಕಚ್ಚಿ ಮೇಲೇರುತ್ತದೆ. ಆ ಹಾದಿಯ ಅತಿ ಕಡಿದಾದ ಏರು ಹನ್ನೆರಡಕ್ಕೆ ಒಂದು. ಅಂದರೆ ಹನ್ನೆರಡು ಅಡಿ ಮುಂದೆ ಸರಿದರೆ ಒಂದಡಿ ಮೇಲೆ. ಹಲ್ಲಿಲ್ಲದಿದ್ದರೆ ಗಾಲಿ ಜಾರುತ್ತದೆಂದು ಎಂಜಿನಿಯರುಗಳು ಲೆಕ್ಕ ಹಾಕಿದ ಏರು ಅದು. ಅದೇ ಬೆಟ್ಟದ ಬಡಗಣ ಮಗ್ಗುಲಲ್ಲಿ, ಮಸಿನಗುಡಿ ಕಡೆಯಿಂದ ಬರುವ ಕಲ್ಹಟ್ಟಿ ಘಾಟಿಯಲ್ಲಿ, ಅದಕ್ಕಿಂತ ಕಡಿದಾದ ತುಂಡುಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಬೆಂಗಳೂರು, ಮೈಸೂರಿನ ಕಡೆಯಿಂದ ಜನ ಬಂದು ಅದನ್ನು ಸೈಕಲ್ ತುಳಿದು ಹತ್ತುತ್ತಾರೆ. ದುಡ್ಡು ಕೊಟ್ಟು ಹತ್ತುತ್ತಾರೆ.

ಎರಡು ಶತಮಾನದ ಹಿಂದೆ ದುಡ್ಡು ಕೈ ಬದಲಾಗುತ್ತಿದ್ದ ರೀತಿಯೇ ಬೇರೆ. ಆಗ ಹತ್ತುವವರು ದೊರೆಗಳು, ಹೊರುವವರು ಕೂಲಿಗಳು. ಡೋಲಿಯಲ್ಲಿ ಕುಳಿತವರ ಮೈಯಲ್ಲಿ ಬೆವರು ಬರುತ್ತಿರಲಿಲ್ಲ.

ಊಟಿಗೆ ಬಂದು ಸೇರುವ ಘಾಟಿ ರಸ್ತೆಗಳು ಒಂದರಂತೆ ಇನ್ನೊಂದಿಲ್ಲ. ಯಾವ ಕಾಲದಲ್ಲಿ, ಯಾರ ಸಲುವಾಗಿ, ಏನನ್ನು ಸಾಗಿಸಲು ಕಡಿದದ್ದು ಎನ್ನುವುದು ಅವುಗಳ ಏರಿನಲ್ಲೇ ಇದೆ. ಕಾರಿನಲ್ಲಿ ಕುಳಿತವರಿಗೆ ಇದು ತಿಳಿಯುವುದಿಲ್ಲ. ಸೈಕಲ್ ಸವಾರರ ಮೀನಖಂಡಕ್ಕೆ ಮೊದಲ ಕಿಲೋಮೀಟರಿನಲ್ಲೇ ತಿಳಿಯುತ್ತದೆ.

ರಸ್ತೆಗಿಂತ ಮೊದಲು ಕಾಲುದಾರಿಗಳಿದ್ದವು, ಅವುಗಳಲ್ಲಿ ಹಲವು ಕನ್ನಡ ನಾಡಿನಿಂದ ಹೊರಟವು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ನೀಲಗಿರಿಯನ್ನು ಗೆದ್ದದ್ದನ್ನೂ ಬೆಟ್ಟದ ಮೂಲನಿವಾಸಿಗಳಾದ ತೋಡರನ್ನು ಬೆದರಿಸಿದ್ದನ್ನೂ ಚಾಮರಾಜನಗರದ 1117ರ ಶಾಸನ ಹೇಳುತ್ತದೆ. ಬೆಟ್ಟದ ಮೇಲೆ ಇಂದು ಹೆಚ್ಚಿನ ಸಂಖ್ಯೆಯಲ್ಲಿರುವ ಬಡಗರು ಮೈಸೂರು ಸೀಮೆಯಿಂದ ಹತ್ತಿ ಬಂದವರು. ಬಡಗಣ ದಿಕ್ಕಿನವರು ಎಂಬುದೇ ಅವರ ಹೆಸರಿನ ಅರ್ಥ. ಅವರ ಮಾತನ್ನು ಕಿವಿಗೊಟ್ಟು ಕೇಳಿದರೆ ಹಳಗನ್ನಡದ ನೆಂಟಸ್ತಿಕೆ ಕಾಣುತ್ತದೆ. ನೀಲಗಿರಿಯ ಅತಿ ಎತ್ತರದ ಶಿಖರಕ್ಕೆ, 2,637 ಮೀಟರಿನದಕ್ಕೆ, ದೊಡ್ಡಬೆಟ್ಟ ಎಂದೇ ಹೆಸರು. ಕೂನೂರಿನ ಬಳಿಯ ಕೋಟೆ ಹುಲಿಕಲ್ ದುರ್ಗ. ಬಡಗರ ಊರುಗಳೆಲ್ಲ ಹಟ್ಟಿಗಳು. ಗುಂಡ್ಲುಪೇಟೆಯ ಸವಾರ ಕಲ್ಹಟ್ಟಿಯ ಹಲಗೆ ಓದಿದರೆ ಪರವೂರಿಗೆ ಬಂದಂತೆ ಅನ್ನಿಸುವುದಿಲ್ಲ, ದಮ್ಮು ಕಟ್ಟುವವರೆಗೆ.

1799ರಲ್ಲಿ ಟಿಪ್ಪು ಮಡಿದ ಮೇಲೆ ಬೆಟ್ಟ ಕಂಪನಿಯ ಪಾಲಾಯಿತು. ಆದರೂ ಇಪ್ಪತ್ತು ವರ್ಷ ಅದರ ಕಡೆ ಯಾರೂ ಹೆಚ್ಚು ತಲೆ ಹಾಕಲಿಲ್ಲ. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಮೇಲೆ ಹತ್ತಿದ, ಅಲ್ಲಿನ ಚಳಿಗೆ ಮನಸೋತ. ಸಿರುಮುಗೈನಿಂದ ಕೋಟಗಿರಿಯ ಕಡೆಗೆ ಅವನು ಮಾಡಿಸಿದ ದಾರಿ 1823ರ ಹೊತ್ತಿಗೆ ಮುಗಿಯಿತು. ಅದೇ ಸುಮಾರಿಗೆ ಊಟಿಯಲ್ಲಿ ಅವನ ಕಲ್ಲಿನ ಮನೆಯೂ ಎದ್ದಿತು. ಬೆಟ್ಟದ ಜನ ಅದನ್ನು ಕಲ್ ಬಂಗಲೆ ಎಂದು ಕರೆದರು. ಸಲಿವನ್ನನ ದಾರಿ ಕುದುರೆಗೆ, ಹೊರೆಯಾಳಿಗೆ ಸಾಕಿತ್ತು. ಗಾಡಿಗೆ ಸಾಲದು. ಆದರೆ ಊರು ಬೆಳೆದ ಹಾಗೆ ಪಿಯಾನೊ, ಗಾಜು, ಸಾರಾಯಿ ಪೀಪಾಯಿ ಎಲ್ಲವೂ ಮೇಲೆ ಬರಬೇಕು. ಪೀಪಾಯಿ ಹೊರಲು ಆಳು ಎಷ್ಟಾದರೂ ಸಾಲರು.

ಹೀಗೆ ಕೂನೂರು ಘಾಟಿ ಹುಟ್ಟಿತು. ಲಷಿಂಗ್ಟನ್ ಮದರಾಸಿನ ಗವರ್ನರ್ ಆಗಿದ್ದಾಗ, 1830ರ ಆಚೀಚೆ, ಸೈನ್ಯದ ಪಯನಿಯರ್ ಪಡೆಯವರು ಅದನ್ನು ಕಡಿದರು. ಅದೂ ಮೊದಲಿಗೆ ಕಡಿದಾಗಿಯೇ ಇತ್ತು. ನಾಲ್ಕು ದಶಕದ ಬಳಿಕ ಕರ್ನಲ್ ಲಾ ಎಂಬ ಎಂಜಿನಿಯರ್ ಹೊಸ ಜಾಡು ಹಿಡಿದು ಇನ್ನೊಂದು ರಸ್ತೆ ತೆಗೆದ. ಕೂನೂರಿನ ಕೆಳಗಿರುವ ಲಾಸ್ ಜಲಪಾತ ಅವನ ಹೆಸರಿನದು. ಕಾಯಿದೆ ಕಾನೂನಿಗೂ ಅದಕ್ಕೂ ಸಂಬಂಧವಿಲ್ಲ. 1873ರಲ್ಲಿ ಮೆಟ್ಟುಪಾಳ್ಯದವರೆಗೆ ರೈಲು ಬಂತು. ರೈಲಿಳಿದವರನ್ನು ಟಾಂಗಾಗಳು ಮೇಲಕ್ಕೆ ಒಯ್ದವು, ಸಾಮಾನನ್ನು ಎತ್ತಿನ ಗಾಡಿಗಳು. ಗುಡ್ಡದ ರೈಲು ಕೂನೂರು ಮುಟ್ಟಿದ್ದು 1899ರಲ್ಲಿ, ಊಟಿ ಮುಟ್ಟಿದ್ದು 1908ರಲ್ಲಿ.

ಎತ್ತಿಗೆ ಒಂದು ಅಳತೆ ಇದೆ. ಹೊರೆ ತುಂಬಿದ ಗಾಡಿಯನ್ನು ಅದು ಗಂಟೆಗಟ್ಟಲೆ ಎಳೆಯಬೇಕಾದರೆ ಏರು ಒಂದೇ ಸಮನಾಗಿರಬೇಕು, ಎದೆಗೆ ಒದೆಯಬಾರದು. ಕಲ್ಲಾರಿನಿಂದ ಕೂನೂರಿನವರೆಗಿನ ರಸ್ತೆ ಇಂದಿಗೂ ಹಾಗೆಯೇ ಇದೆ. ಹದಿನಾಲ್ಕು ಹೇರ್‌ಪಿನ್ ತಿರುವು, ಕಿಲೋಮೀಟರಿಗೆ ಸುಮಾರು ಅರವತ್ತು ಮೀಟರ್ ಏರು, ಎಲ್ಲೂ ಮೋಸವಿಲ್ಲ. ಗೇರ್ ಒಂದನ್ನು ಹಿಡಿದು, ಉಸಿರನ್ನು ಅದಕ್ಕೆ ಹೊಂದಿಸಿದರೆ ಸೈಕಲ್ಲು ತಾನಾಗಿ ಸಾಗುತ್ತದೆ. ಘಾಟಿ ಹತ್ತುವುದನ್ನು ಕಲಿಯುವವರು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ತೊಂದರೆ ಏರಿನದಲ್ಲ, ಬಸ್ಸು ಲಾರಿಗಳದು. ಆದ್ದರಿಂದ ಬೆಳಕು ಹರಿಯುವ ಮೊದಲೇ ಕಲ್ಲಾರಿನ ಅಡಕೆ ತೋಟ ದಾಟಿರಬೇಕು.

ಕಲ್ಹಟ್ಟಿ ಬೇರೆಯೇ ಜಾತಿ. ಇದರ ಹಳೆಯ ಹೆಸರು ಸೀಗೂರು ಘಾಟಿ, ಇದೂ 1830ರ ದಶಕದ್ದು. ಮೈಸೂರು ಕಡೆಯಿಂದ ಊಟಿಗೆ ಇದೇ ಹತ್ತಿರದ ದಾರಿ. ನೀಲಗಿರಿಯ ಬಡಗಣ ಮುಖ ಮೋಯಾರ್ ಕಡೆಗೆ ಗೋಡೆಯಂತೆ ಇಳಿಯುತ್ತದೆ, ಬಳಸಿ ಬಳಸಿ ಹತ್ತಲು ಜಾಗವಿಲ್ಲ. ಹಾಗಾಗಿ ಹನ್ನೆರಡು ಕಿಲೋಮೀಟರಿನಲ್ಲಿ ಹತ್ತಿರ ಹತ್ತಿರ ಸಾವಿರ ಮೀಟರ್ ಎತ್ತರ, 36 ತಿರುವು.

ತಿರುವುಗಳಿಗೆ ಸಂಖ್ಯೆ ಹಾಕಿದ್ದಾರೆ. ಇದು ಉಪಕಾರವೋ ಹಿಂಸೆಯೋ ಹೇಳುವುದು ಕಷ್ಟ. ತಿರುವಿನ ಒಳಮಗ್ಗುಲು ಮೆಟ್ಟಿಲಿನಂತೆ ಎದ್ದಿರುತ್ತದೆ. ಆ ಮಗ್ಗುಲು ಹಿಡಿದರೆ ಮುಂದಿನ ಗಾಲಿ ನೆಲ ಬಿಟ್ಟು ಹಗುರಾಗುತ್ತದೆ. ಸೀಟಿನಿಂದೆದ್ದು ತುಳಿದರೆ ಹಿಂದಿನ ಗಾಲಿ ಪುಡಿಜಲ್ಲಿಯಲ್ಲಿ ತಿರುಗಿ ನಿಂತಲ್ಲೇ ನಿಲ್ಲುತ್ತದೆ. ಬಲ್ಲವರು ಹೊರಮಗ್ಗುಲಿಗೆ ಹೋಗಿ, ಎದುರಿಗೆ ಗಾಡಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹಾವಿನಂತೆ ಅಡ್ಡಡ್ಡ ಬರುತ್ತಾರೆ. ಮೇಲಿನಿಂದ ಇಳಿಯುವ ಜೀಪಿನ ಬ್ರೇಕಿನ ಸುಟ್ಟ ವಾಸನೆ ಜೀಪಿಗಿಂತ ಮೊದಲು ಮೂಗಿಗೆ ಬರುತ್ತದೆ. ಇಪ್ಪತ್ತನೆಯ ತಿರುವಿನ ಆಸುಪಾಸಿನಲ್ಲಿ ಕೆಲವರು ಇಳಿದು ತಳ್ಳತೊಡಗುತ್ತಾರೆ. ಕಡಿದಾದ ಕಡೆ ತಳ್ಳುವವರಿಗೂ ತುಳಿಯುವವರಿಗೂ ವೇಗದಲ್ಲಿ ಅಂಥ ವ್ಯತ್ಯಾಸವಿಲ್ಲ, ಮಾನದ ಪ್ರಶ್ನೆ ಮಾತ್ರ. ಇಳಿಯುವುದಂತೂ ಹತ್ತುವುದಕ್ಕಿಂತ ಅಪಾಯ. ಅಪಘಾತಗಳು ಮೇಲಿಂದ ಮೇಲೆ ಆದದ್ದರಿಂದ ಹೊರಗಿನ ವಾಹನಗಳು ಈ ಘಾಟಿಯಲ್ಲಿ ಇಳಿಯದಂತೆ ತಡೆ ಹಾಕಿದ್ದೂ ಉಂಟು.

ಈ ಘಾಟಿಗೆ ಸೈಕಲ್ ಲೋಕದಲ್ಲಿ ಹೆಸರು ತಂದದ್ದು ಟೂರ್ ಆಫ್ ನೀಲಗಿರೀಸ್. ಬೆಂಗಳೂರಿನ ರೈಡ್ ಎ ಸೈಕಲ್ ಫೌಂಡೇಶನ್ 2008ರ ಡಿಸೆಂಬರಿನಲ್ಲಿ ಶುರು ಮಾಡಿದ ಸವಾರಿ ಇದು. ಕರ್ನಾಟಕ, ಕೇರಳ, ತಮಿಳುನಾಡು ಮೂರನ್ನೂ ಸುತ್ತುವ ವಾರದ ಹಾದಿಯಲ್ಲಿ ಕಲ್ಹಟ್ಟಿಯ ಪಂದ್ಯವೇ ಎಲ್ಲರ ಬಾಯಲ್ಲಿ ಉಳಿಯುವಂಥದ್ದು. ಅದಕ್ಕೂ ಮೊದಲು ನಮ್ಮ ಕಡೆಯ ಸೈಕಲ್ಲೆಂದರೆ ಕ್ಯಾರಿಯರು, ಸ್ಟ್ಯಾಂಡು, ಡೈನಮೊ ಸಹಿತ ಇಪ್ಪತ್ತು ಕಿಲೊ ತೂಗುವ ಒಂದೇ ಗೇರಿನ ಗಟ್ಟಿ ಜೀವ. ಹಾಲಿನ ಕ್ಯಾನು ಹೊರಲು ಅದಕ್ಕೆ ಸಾಟಿಯಿಲ್ಲ, ಕಲ್ಹಟ್ಟಿಗೆ ಅದು ಹೇಳಿಸಿದ್ದಲ್ಲ. ಗೇರಿನ ಸೈಕಲ್ಲು ಬೆಂಗಳೂರಿನ ಅಂಗಡಿಗಳಲ್ಲಿ ಸಲೀಸಾಗಿ ಸಿಗತೊಡಗಿದ ಮೇಲೆಯೇ ಈ ಘಾಟಿಗಳು ಮನರಂಜನೆಯಾದವು.

ಕಲ್ಹಟ್ಟಿ ಬೇಡವೆನ್ನುವವರಿಗೆ ಗೂಡಲೂರು ಘಾಟಿ ಇದೆ. ದೂರ ಹೆಚ್ಚು, ಏರು ಮೆದು. ಈ ಹಾದಿಯಲ್ಲಿ ನಡುವಟ್ಟಂ ಸಿಗುತ್ತದೆ. ದಕ್ಷಿಣ ಅಮೆರಿಕದಿಂದ ತಂದ ಸಿಂಕೋನಾ ಸಸಿಗಳನ್ನು 1860ರ ದಶಕದಲ್ಲಿ ಇಲ್ಲಿ ಸರ್ಕಾರಿ ತೋಟ ಮಾಡಿ ಬೆಳೆಸಿದರು. ಅದರ ತೊಗಟೆಯಿಂದ ಬರುವ ಕ್ವಿನೈನ್ ಬೆಟ್ಟದ ತಪ್ಪಲಿನ ಮಲೇರಿಯಾಕ್ಕೆ ಮದ್ದು. ಆ ಜ್ವರದ ಭಯಕ್ಕೆ ಹಿಂದೆ ಪ್ರಯಾಣಿಕರು ತಪ್ಪಲಿನಲ್ಲಿ ರಾತ್ರಿ ಉಳಿಯಲು ಹೆದರುತ್ತಿದ್ದರು. ಈಗಿನ ಭಯ ಆನೆಯದು. ಮೈಸೂರಿನಿಂದ ಈ ಘಾಟಿಗಳಿಗೆ ಬರುವ ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಾಮಾನ್ಯ ಸಂಚಾರವಿಲ್ಲ. ಹಗಲಲ್ಲೂ ಸೈಕಲ್ಲಿನವರು ಒಬ್ಬೊಬ್ಬರೇ ಕಾಡು ಹಾಯುವುದು ಜಾಣತನವಲ್ಲ.

ಟಾರು ಬಿಟ್ಟು ಮಣ್ಣಿಗಿಳಿಯುವ ದಪ್ಪ ಟೈರಿನವರಿಗೆ ಕಥೆ ಬೇರೆ. ಊಟಿಯ ಪಡುವಣಕ್ಕೆ ಹರಡಿರುವ ವೆನ್ಲಾಕ್ ಡೌನ್ಸ್ ಹುಲ್ಲುಗುಡ್ಡಗಳಲ್ಲಿ ಬ್ರಿಟಿಷರು ಕುದುರೆಯೇರಿ, ನಾಯಿಗಳನ್ನು ಬಿಟ್ಟು, ನರಿ ಬೇಟೆಯಾಡುತ್ತಿದ್ದರು. ಅವರ ದೇಶದ ಕೆಂಪು ನರಿ ಇಲ್ಲಿ ಇಲ್ಲದ ಕಾರಣ ನಮ್ಮ ಗುಳ್ಳೆನರಿಯ ಮೇಲೆಯೇ ಹಳೆಯ ಚಟ ತೀರಿಸಿಕೊಂಡರು. ಗಾಲಿ ಉರುಳಲು ಆ ಇಳಿಜಾರುಗಳು ಹೇಳಿ ಮಾಡಿಸಿದಂತಿವೆ. ಆದರೆ ಅದು ಅರಣ್ಯ ಇಲಾಖೆಯ ನೆಲ, ಮಂದು ಎಂದು ಕರೆಯುವ ತೋಡರ ಹಾಡಿಗಳ ನೆರೆ; ಅನುಮತಿ ಇಲ್ಲದೆ ನುಗ್ಗುವಂತಿಲ್ಲ, ನುಗ್ಗಬಾರದು ಕೂಡ. ಕೂನೂರು, ಕೋಟಗಿರಿ ಸುತ್ತಿನ ಚಹಾ ತೋಟಗಳ ಒಳದಾರಿಗಳು, ತೋಟದವರನ್ನು ಕೇಳಿಕೊಂಡರೆ, ಅದಕ್ಕಿಂತ ವಾಸಿ. ಅಲ್ಲಿ ತಿರುವಿನಲ್ಲಿ ಎದುರಾಗುವುದು ಕಾಟಿ. ಚಹಾ ಗಿಡಗಳ ನಡುವೆ ಕರೀ ಬಂಡೆಯಂತೆ ನಿಂತಿರುತ್ತದೆ. ಬೆಲ್ಲು ಹೊಡೆಯಬಾರದು. ನಿಂತು, ಅದು ತಾನಾಗಿ ಹೋಗುವವರೆಗೆ ಕಾಯಬೇಕು.

ತೆಂಕಣ ಮಂಜೂರಿನ ಘಾಟಿಗೆ 43 ತಿರುವು. ಕೆನಡಾದ ನೆರವಿನಿಂದ ಆದ ಕುಂದಾ ವಿದ್ಯುತ್ ಯೋಜನೆಯ ಸೀಮೆ ಅದು. ಪ್ರವಾಸಿ ಗಾಡಿಗಳ ಗಲಾಟೆ ಕಡಿಮೆ, ಅಂಗಡಿಗಳೂ ಕಡಿಮೆ. ನೀರು ತುಂಬಿಕೊಂಡೇ ಹೊರಡಬೇಕು.

ಮೇ ತಿಂಗಳ ಜಂಗುಳಿಯಲ್ಲಿ ಪೊಲೀಸರು ಗಾಡಿಗಳನ್ನು ಕೂನೂರು ಮೇಲೆ ಹತ್ತಿಸಿ ಕೋಟಗಿರಿ ಮೇಲೆ ಇಳಿಸುವ ಪದ್ಧತಿ ಇಟ್ಟುಕೊಂಡಿದ್ದಾರೆ. 2024ರಿಂದ ಪ್ರವಾಸಿ ವಾಹನಗಳಿಗೆ ಇ-ಪಾಸ್ ಕೂಡ ಬಂದಿದೆ. ಪೊಲೀಸರ ಈ ಸುತ್ತು ಸೈಕಲ್ಲಿಗೂ ಚೆನ್ನಾಗಿ ಒಗ್ಗುತ್ತದೆ: ಎತ್ತಿನ ರಸ್ತೆಯಲ್ಲಿ ಹತ್ತು, ಊಟಿಯಲ್ಲಿ ವರ್ಕಿ ಬಿಸ್ಕತ್ತು ತಿನ್ನು, ದೊಡ್ಡಬೆಟ್ಟದ ಮಗ್ಗುಲಿನಿಂದ ಕೋಟಗಿರಿಗೆ ಹೊರಳಿ ಮೆಟ್ಟುಪಾಳ್ಯಕ್ಕೆ ಇಳಿ.

ಬೆಳಗ್ಗೆ 7.10ಕ್ಕೆ ಮೆಟ್ಟುಪಾಳ್ಯ ಬಿಡುವ ರೈಲು ಕೂನೂರು ಸೇರುವುದು ಹತ್ತೂವರೆ ಸುಮಾರಿಗೆ. ಜೊತೆಗೇ ಹೊರಟ ಸಾಧಾರಣ ಸವಾರನೂ ಅಷ್ಟರೊಳಗೆ ಮೇಲೆ ಬಂದಿರುತ್ತಾನೆ. ಸ್ಟೇಷನ್ನಿನ ಎದುರು ಸೈಕಲ್ ಒರಗಿಸಿ, ಗಾಜಿನ ಲೋಟದ ಚಹಾ ಹಿಡಿದು ನಿಂತರೆ, ಡಬ್ಬಿಗಳನ್ನು ಹಿಂದಿನಿಂದ ತಳ್ಳುತ್ತ, ಹಲ್ಲು ಕಚ್ಚುತ್ತ ಬರುವ ಎಂಜಿನ್ನಿನ ಸದ್ದು ಕೆಳಗಿನ ತಿರುವಿನಿಂದ ಕೇಳತೊಡಗುತ್ತದೆ.