ಗುಡಿಯಿಲ್ಲದ ಲೋಕ: ಟೋಲ್ಕಿನ್ ಅವರ ಕಲ್ಪನಾಸೃಷ್ಟಿಯಲ್ಲಿ ಧರ್ಮ

ಜೆ. ಆರ್. ಆರ್. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954-55) ಕೃತಿಯ ಲೋಕಕ್ಕೆ ಭಾಷೆಗಳುಂಟು, ವಂಶಾವಳಿಗಳುಂಟು, ಕಾಲಗಣನೆಯುಂಟು, ಗುಡಿಯಿಲ್ಲ, ಪುರೋಹಿತರಿಲ್ಲ. ಇದನ್ನು ಧರ್ಮದ ಬಗೆಗಿನ ಉದಾಸೀನವೆಂದು ತಿಳಿದರೆ ತಪ್ಪಾದೀತು. ಲೇಖಕರು ನಿಷ್ಠಾವಂತ ಕ್ಯಾಥೊಲಿಕರು. ಮತಾಚರಣೆಯ ಉಲ್ಲೇಖಗಳನ್ನು ಬಹುಮಟ್ಟಿಗೆ ತಾವೇ ಕೈಬಿಟ್ಟುದಾಗಿ 1953ರ ಪತ್ರವೊಂದರಲ್ಲಿ ತಿಳಿಸಿದ್ದಾರೆ.

ಈ ಸಂಯಮದ ಮೂಲವನ್ನು ಅವರ ಅಧ್ಯಯನಕ್ಷೇತ್ರದಲ್ಲಿಯೇ ಅರಸಬೇಕೆಂದು ನಮಗೆ ತೋರುತ್ತದೆ. ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದಾಗ, 1936ರಲ್ಲಿ, ಅವರು ‘ಬಿಯೋವುಲ್ಫ್’ ಕಾವ್ಯವನ್ನು ಕುರಿತು ನೀಡಿದ ಉಪನ್ಯಾಸ ಪ್ರಸಿದ್ಧವಾದುದು. ಆ ಕಾವ್ಯದ ಕವಿ ಕ್ರೈಸ್ತ. ಕಥಾನಾಯಕರು ಕ್ರೈಸ್ತಪೂರ್ವ ಕಾಲದವರು. ಕವಿ ಕ್ರಿಸ್ತನ ಹೆಸರನ್ನೆತ್ತದೆ ಆ ಪೂರ್ವಿಕರ ಶೌರ್ಯವನ್ನು ಗೌರವದಿಂದ ಹಾಡಿದ್ದಾನೆ. ಟೋಲ್ಕಿನ್ ಹಿಡಿದುದೂ ಇದೇ ದಾರಿ.

ಒಂದು ಸನ್ನಿವೇಶವನ್ನು ನೋಡಬಹುದು. ಊಟಕ್ಕೆ ಮುನ್ನ ಫರಾಮಿರ್ ಮತ್ತು ಆತನ ಯೋಧರು ಪಶ್ಚಿಮಕ್ಕೆ ಮುಖಮಾಡಿ ಕ್ಷಣಕಾಲ ಮೌನವಾಗಿ ನಿಲ್ಲುತ್ತಾರೆ. ಅವರ ಪೂರ್ವಿಕರ ನೂಮೆನೋರ್ ದ್ವೀಪ ಮುಳುಗಿಹೋದುದು ಆ ದಿಕ್ಕಿನಲ್ಲಿ. ಮಂತ್ರವಿಲ್ಲ, ದೇವರ ಹೆಸರಿಲ್ಲ. ಅಂಥ ವಾಡಿಕೆಯನ್ನರಿಯದ ಫ್ರೋಡೊ ತಾನು ಹಳ್ಳಿಗನೆಂದು ಸಂಕೋಚಪಡುತ್ತಾನೆ. ಪುಟಗಟ್ಟಲೆ ವರ್ಣನೆ ಸಾಧಿಸಲಾರದುದನ್ನು ಈ ಸಂಕೋಚ ಸಾಧಿಸಿದೆ: ಎರಡು ಜನಾಂಗಗಳ ಸಂಸ್ಕೃತಿ ಒಮ್ಮೆಲೇ ಗೋಚರಿಸುತ್ತದೆ.

ಲೇಖಕರ ನಿಧನಾನಂತರ 1977ರಲ್ಲಿ ಪ್ರಕಟವಾದ ‘ದಿ ಸಿಲ್ಮರಿಲಿಯನ್’ ಆ ದ್ವೀಪದ ಪೂರ್ವಕಥೆಯನ್ನು ಹೇಳುತ್ತದೆ. ಅಲ್ಲಿ ಬೆಟ್ಟದ ನೆತ್ತಿಯ ಪವಿತ್ರಸ್ಥಳಕ್ಕೆ ಚಾವಣಿಯೂ ಇರಲಿಲ್ಲ. ಭವ್ಯ ದೇವಾಲಯವೇಳುವುದು ಪತನದ ಕಾಲಕ್ಕೆ, ಸೌರಾನನ ಪ್ರೇರಣೆಯಿಂದ, ನರಬಲಿಗಾಗಿ. ಅದರ ಬೆಳ್ಳಿಯ ಗುಮ್ಮಟ ಹೊಗೆಯಿಂದ ಬೇಗನೆ ಕಪ್ಪಿಟ್ಟಿತು.