ಕ್ಲೌಡ್‌ನಲ್ಲಿದ್ದ ಮಾಹಿತಿ ಸೋರಿದರೆ ಯಾರೋ ಪಾಸ್‌ವರ್ಡ್ ಒಡೆದಿದ್ದಾರೆ ಎಂದೇ ಅರ್ಥವೇ?

"ಬ್ಯಾಂಕಿನ ಮಾಹಿತಿ ಸೋರಿಕೆ ಆಗಿದೆ, ಹ್ಯಾಕರ್‌ಗಳು ಪಾಸ್‌ವರ್ಡ್ ಒಡೆದಿದ್ದಾರೆ, ಕೂಡಲೇ ಎಲ್ಲರಿಗೂ ಕಳಿಸಿ." ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಸೋರಿಕೆ ನಿಜವೇ ಆಗಿದ್ದರೂ ಪಾಸ್‌ವರ್ಡ್ ಒಡೆದೇ ಆಗಿರಬೇಕೆಂದಿಲ್ಲ. ಕೆಲವೊಮ್ಮೆ ಸರ್ವರೇ ತನ್ನ ಕೀಲಿಯನ್ನು ಓದಿ ಹೇಳಿಬಿಟ್ಟಿರುತ್ತದೆ! ಅದು ಹೇಗೆ ಎಂದು ತಿಳಿಯಲು ಕ್ಲೌಡ್ ಸರ್ವರ್‌ನ 'ಮೆಟಾಡೇಟಾ' ಎಂದರೇನು ಎಂದು ಮೊದಲು ನೋಡೋಣ.

ಹೊಸ ಸರ್ವರ್‌ಗೆ ತಾನು ಯಾರೆಂದು ಹೇಗೆ ಗೊತ್ತಾಗುತ್ತದೆ?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾಲ್ಕೈದು ಎಂಜಿನಿಯರ್‌ಗಳು ಸೇರಿ ಬಸ್ ಟಿಕೆಟ್ ಆ್ಯಪ್ ನಡೆಸುತ್ತಿದ್ದಾರೆ ಎಂದುಕೊಳ್ಳಿ. ಅವರ ಸರ್ವರ್‌ಗಳು ಆಫೀಸಿನಲ್ಲಿಲ್ಲ, ಮೋಡದಲ್ಲೂ ಇಲ್ಲ. ಮುಂಬೈನ ಯಾವುದೋ ಕಟ್ಟಡದಲ್ಲಿ ಬಾಡಿಗೆಗೆ ಓಡುತ್ತಿವೆ. ಅಮೆಜಾನ್‌ನ ಕ್ಲೌಡ್ ಕೇಂದ್ರ ಮುಂಬೈನಲ್ಲಿ ಶುರುವಾಗಿದ್ದು 2016ರಲ್ಲಿ, ಹೈದರಾಬಾದ್‌ನಲ್ಲಿ 2022ರಲ್ಲಿ.

ದಿನವೂ ಎರಡು ಸರ್ವರ್ ಸಾಕು. ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಬರುವವರ ಗದ್ದಲ ಶುರುವಾದರೆ ಹತ್ತು ಬೇಕು. ಆಗ ವ್ಯವಸ್ಥೆ ತಾನಾಗಿಯೇ ಹೊಸ ಸರ್ವರ್‌ಗಳನ್ನು ಎಬ್ಬಿಸುತ್ತದೆ. ಒಂದೇ ತಟ್ಟೆಯಲ್ಲಿ ಬೆಂದ ಇಡ್ಲಿಗಳ ಹಾಗೆ ಎಲ್ಲವೂ ಒಂದೇ ತರಹ. ತನ್ನ ಹೆಸರೇನು, ವಿಳಾಸ ಯಾವುದು, ಯಾವ ಊರಲ್ಲಿದ್ದೇನೆ ಎಂಬುದು ಯಾವುದಕ್ಕೂ ಗೊತ್ತಿರುವುದಿಲ್ಲ.

ರಾತ್ರಿ ರೈಲಿನಲ್ಲಿ ನಿದ್ದೆಯಿಂದ ಎದ್ದವರು ಏನು ಮಾಡುತ್ತಾರೆ? ಕಿಟಕಿಯಿಂದ ಇಣುಕಿ ಹಳದಿ ಬೋರ್ಡ್ ನೋಡುತ್ತಾರೆ. ಹೊಸ ಸರ್ವರ್‌ಗೂ ಅಂಥದ್ದೊಂದು ಬೋರ್ಡ್ ಇದೆ. ಅದರ ವಿಳಾಸ 169.254.169.254. ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಮೂರರ ಕ್ಲೌಡ್‌ನಲ್ಲೂ ಇದೇ ವಿಳಾಸ. ಅಲ್ಲಿ ಕೇಳಿದರೆ ಸರ್ವರ್‌ನ ಗುರುತಿನ ಸಂಖ್ಯೆ, ಒಳಗಿನ ವಿಳಾಸ, ಊರು, ಯಂತ್ರದ ಗಾತ್ರ ಎಲ್ಲ ಸಿಗುತ್ತದೆ. ಈ ಮಾಹಿತಿಯೇ ಮೆಟಾಡೇಟಾ.

ಎಂಜಿನಿಯರ್‌ಗಳು ಮೊದಲೇ ಬರೆದಿಟ್ಟ ಸ್ಕ್ರಿಪ್ಟ್ ಈ ಉತ್ತರಗಳನ್ನು ಓದುತ್ತದೆ. ಸರ್ವರ್‌ಗೆ ಹೆಸರಿಡುತ್ತದೆ, ಹತ್ತಿರದ ಡೇಟಾಬೇಸ್‌ಗೆ ಜೋಡಿಸುತ್ತದೆ, ಕಾನ್ಫಿಗರೇಶನ್ ಫೈಲ್‌ನಲ್ಲಿ ಸರಿಯಾದ ವಿಳಾಸ ತುಂಬುತ್ತದೆ. ನಡುರಾತ್ರಿ ಯಾರೂ ಎದ್ದು ಕೂತು ಒಂದೊಂದೇ ಸರ್ವರ್‌ಗೆ ಕೈಯಾರೆ ಟೈಪ್ ಮಾಡಬೇಕಿಲ್ಲ. ಒಂದು ಅಂಕಿ ತಪ್ಪಿ ಹೋಗುವ ಭಯವೂ ಇಲ್ಲ.

ನಮ್ಮ ಮೊಬೈಲ್‌ನಲ್ಲಿ ಆ ವಿಳಾಸ ತೆರೆಯುತ್ತದೆಯೇ?

ಇಲ್ಲ. 169.254 ರಿಂದ ಶುರುವಾಗುವ ವಿಳಾಸಗಳು ಆಯಾ ಜಾಗದೊಳಗೆ ಮಾತ್ರ ನಡೆಯುತ್ತವೆ, ಇಂಟರ್ನೆಟ್‌ನಲ್ಲಿ ದಾಟಿ ಹೋಗುವುದಿಲ್ಲ. ಸೈಬರ್ ಸೆಂಟರ್‌ನ ಕಂಪ್ಯೂಟರ್‌ಗೆ ನೆಟ್ ಸಿಗದಿದ್ದಾಗ ಇಂಥದ್ದೇ ವಿಳಾಸ ಕಾಣಿಸುವುದುಂಟು. ಅದು ವೈರಸ್ ಅಲ್ಲ. ರೂಟರ್‌ನಿಂದ ವಿಳಾಸ ಸಿಗದೆ ಕಂಪ್ಯೂಟರ್ ತಾನೇ ಒಂದು ತಾತ್ಕಾಲಿಕ ವಿಳಾಸ ಇಟ್ಟುಕೊಂಡಿದೆ, ಅಷ್ಟೇ.

ಹಾಗಾದರೆ ಅಪಾಯ ಎಲ್ಲಿದೆ?

ಆ ಬೋರ್ಡಿನಲ್ಲಿ ಹೆಸರು, ಊರು ಮಾತ್ರ ಇರುವುದಿಲ್ಲ. ಸರ್ವರ್‌ಗೆ ಫೈಲ್‌ಗಳನ್ನು ತೆರೆಯುವ ಅಧಿಕಾರ ಕೊಟ್ಟಿದ್ದರೆ, ಅದರ ತಾತ್ಕಾಲಿಕ ಕೀಲಿಯೂ ಅಲ್ಲೇ ಸಿಗುತ್ತದೆ. ಹೊರಗಿನವರು ನೇರವಾಗಿ ಅಲ್ಲಿಗೆ ಬರಲಾರರು. ಆದರೆ ಆಫೀಸಿನೊಳಗಿನ ಜವಾನನನ್ನು ಮರುಳು ಮಾಡಿ "ಆ ಕಪಾಟಿನ ಚೀಟಿ ಓದಿ ಹೇಳಪ್ಪ" ಎಂದರೆ? ಸರ್ವರ್‌ನಲ್ಲಿ ಓಡುವ ಪ್ರೋಗ್ರಾಂ ಸರಿಯಿಲ್ಲದಿದ್ದರೆ ಹೀಗೇ ಆಗುತ್ತದೆ. ಹೊರಗಿನವರು ಕೊಟ್ಟ ವಿಳಾಸಕ್ಕೆ ಅದೇ ಹೋಗಿ, ಸಿಕ್ಕಿದ್ದನ್ನು ತಂದು ಒಪ್ಪಿಸುತ್ತದೆ.

ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಲ್ಲಿ 2019ರಲ್ಲಿ ಆಗಿದ್ದು ಇದೇ. ಸರಿಯಾಗಿ ಹೊಂದಿಸದ ಒಂದು ಫೈರ್‌ವಾಲ್ ಮೂಲಕ ಕೀಲಿ ಹೊರಬಿತ್ತು. ಆ ಕೀಲಿಗೆ ಬೇಕಾದ್ದಕ್ಕಿಂತ ಹೆಚ್ಚು ಅಧಿಕಾರವೂ ಇತ್ತು. ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ಮಾಹಿತಿ ಕಳ್ಳತನವಾಯಿತು. ಅವರಲ್ಲಿ ಬಹಳಷ್ಟು ಜನ ಕ್ರೆಡಿಟ್ ಕಾರ್ಡ್‌ಗೆ ಅರ್ಜಿ ಹಾಕಿದವರು. ಯಾವ ಗ್ರಾಹಕನ ಪಾಸ್‌ವರ್ಡನ್ನೂ ಒಡೆಯುವ ಅಗತ್ಯವೇ ಬೀಳಲಿಲ್ಲ. 2020ರಲ್ಲಿ ಬ್ಯಾಂಕಿಗೆ 8 ಕೋಟಿ ಡಾಲರ್ ದಂಡ ಬಿತ್ತು.

ಇದಕ್ಕೆ ಪರಿಹಾರ ಇಲ್ಲವೇ?

ಇದೆ. 2019ರ ನವೆಂಬರ್‌ನಲ್ಲಿ ಅಮೆಜಾನ್ ಎರಡನೇ ಆವೃತ್ತಿಯ ಮೆಟಾಡೇಟಾ ಸೇವೆ ತಂದಿತು. ಇದರಲ್ಲಿ ಮೊದಲು ಒಂದು ಟೋಕನ್ ಪಡೆಯಬೇಕು, ಅದನ್ನು ತೋರಿಸಿದರೆ ಮಾತ್ರ ಉತ್ತರ. ಒಂದು ಟೋಕನ್ ಹೆಚ್ಚೆಂದರೆ 6 ಗಂಟೆ ನಡೆಯುತ್ತದೆ. ಮರುಳಾದ ಪ್ರೋಗ್ರಾಂಗೆ ಸಾಮಾನ್ಯವಾಗಿ ಬರೇ ವಿಳಾಸ ತೆರೆಯಲು ಬರುತ್ತದೆ, ಟೋಕನ್ ಕೇಳಿ ಪಡೆಯಲು ಬರುವುದಿಲ್ಲ. ಗೂಗಲ್, ಮೈಕ್ರೋಸಾಫ್ಟ್ ಕ್ಲೌಡ್‌ಗಳೂ ಪ್ರತಿ ಕೋರಿಕೆಯ ಜೊತೆ ಒಂದು ವಿಶೇಷ ಗುರುತು ಇರಲೇಬೇಕು ಎನ್ನುತ್ತವೆ.

ನಿಮ್ಮ ಮನೆಯಲ್ಲೋ ಹಾಸ್ಟೆಲ್‌ನಲ್ಲೋ ಇಂಥ ಸ್ಕ್ರಿಪ್ಟ್ ಬರೆಯುವವರಿದ್ದರೆ ಈ ನಾಲ್ಕು ಮಾತು ಅವರಿಗೆ ಕಳಿಸಿ:

1. ಟೋಕನ್ ಇಲ್ಲದ ಹಳೆಯ ವಿಧಾನವನ್ನು ಬಂದ್ ಮಾಡಿ. ಹೊಸದು ಬಂದ ಮಾತ್ರಕ್ಕೆ ಹಳೆಯ ಸರ್ವರ್‌ಗಳಲ್ಲಿ ಅದು ತಾನಾಗಿ ನಿಲ್ಲುವುದಿಲ್ಲ.
2. ಸರ್ವರ್ ಎದ್ದಾಗ ಓಡುವ ಸ್ಕ್ರಿಪ್ಟ್‌ನೊಳಗೆ ಪಾಸ್‌ವರ್ಡ್ ಬರೆಯಬೇಡಿ. ಅದನ್ನೂ ಅದೇ ವಿಳಾಸದಲ್ಲಿ ಓದಬಹುದು.
3. ಸರ್ವರ್‌ಗೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಡಿ. ಟಿಕೆಟ್ ಬರೆಯುವವನಿಗೆ ಇಡೀ ಖಜಾನೆಯ ಕೀಲಿ ಯಾಕೆ?
4. ಮೆಟಾಡೇಟಾ ಸಿಗದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಲಿ. ಖಾಲಿ ಉತ್ತರ ಇಟ್ಟುಕೊಂಡು ಮುಂದೆ ಹೋಗಬಾರದು.

ನಾವೇನು ಮಾಡಬೇಕು?

ಇಂಥ ಸೋರಿಕೆಯನ್ನು ನಿಮ್ಮ ಪಾಸ್‌ವರ್ಡ್ ತಡೆಯಲಾರದು. ಅದು ಕಂಪನಿಯ ಹೊಣೆ. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಕದ್ದ ಹೆಸರು, ಫೋನ್ ನಂಬರ್ ಇಟ್ಟುಕೊಂಡು ಮೋಸಗಾರರು "ಬ್ಯಾಂಕಿನಿಂದ ಮಾತಾಡ್ತಿದ್ದೀವಿ" ಎಂದು ಕರೆ ಮಾಡಬಹುದು. ನಿಮ್ಮ ವಿವರ ಸರಿಯಾಗಿ ಹೇಳಿದರು ಎಂಬ ಕಾರಣಕ್ಕೆ ಅವರನ್ನು ನಂಬಬೇಡಿ, ಒಟಿಪಿ ಕೊಡಬೇಡಿ. "ನಿಮ್ಮ ಮಾಹಿತಿ ಸೋರಿದೆಯೇ ನೋಡಿ" ಎಂದು ಬರುವ ಲಿಂಕ್ ಒತ್ತಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ತೀರ್ಮಾನ: ಕ್ಲೌಡ್ ಸೋರಿಕೆ ಎಂದರೆ ಪಾಸ್‌ವರ್ಡ್ ಒಡೆದಿದ್ದಾರೆ ಎಂದೇ ಅರ್ಥವಲ್ಲ. ಮೆಟಾಡೇಟಾ ಕೆಟ್ಟದ್ದೂ ಅಲ್ಲ, ಅದಿಲ್ಲದೆ ಹಬ್ಬದ ದಿನ ಟಿಕೆಟ್ ಆ್ಯಪ್ ನಡೆಯುವುದೇ ಕಷ್ಟ. ಕೀಲಿ ಇರುವ ಕಪಾಟಿಗೆ ಬೀಗ ಹಾಕದೆ ಬಿಟ್ಟರೆ ಮಾತ್ರ ತೊಂದರೆ.